ಪಿಗ್ಮಿ ಪುಸ್ತಕದಿಂದ ಡೇಟಾಬೇಸ್ ಸರ್ವರ್‌ವರೆಗೆ: ಖಾತೆ ಕಾಯುವವರ ರಾತ್ರಿ ಪಾಳಿ

ಮುಂಬಯಿ: ಸಂಘದ ವಾರ್ಷಿಕೋತ್ಸವಕ್ಕೆ ತಡವಾಗಿ ಬಂದು, ಕೆಂಪಗಾದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತಾ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ತರುಣರು ಈ ಮಹಾನಗರದ ಬಹುತೇಕ ಕನ್ನಡ ಸಂಘಗಳಲ್ಲಿ ಒಬ್ಬಿಬ್ಬರಾದರೂ ಸಿಗುತ್ತಾರೆ. "ಎಂಥದ್ದು ಮಾರಾಯ, ರಾತ್ರಿ ನಿದ್ರೆ ಇಲ್ಲವಾ?" ಎಂದು ಹಿರಿಯರು ವಿಚಾರಿಸಿದರೆ, "ನೈಟ್ ಡ್ಯೂಟಿ ಮಾಮ, ಡಿಬಿಎ ಕೆಲಸ" ಎಂಬ ಉತ್ತರ ಬರುತ್ತದೆ. ಹಾಗೆಂದರೆ ಕಂಪ್ಯೂಟರ್ ರಿಪೇರಿಯಾ ಎಂಬುದು ಮರುಪ್ರಶ್ನೆ. "ಅಲ್ಲ ಮಾಮ, ಬ್ಯಾಂಕಿನ ಖಾತೆ ಪುಸ್ತಕ ಕಾಯುವುದು." "ಓಹೋ, ವಾಚ್‌ಮ್ಯಾನ್ ಕೆಲಸ ಅನ್ನು!" ಎಂದು ಮಾಮ ನಕ್ಕು ಊಟದ ಸಾಲಿನತ್ತ ನಡೆಯುತ್ತಾರೆ.

ತಮಾಷೆಯ ಮಾತಾದರೂ ಅದು ಪೂರ್ತಿ ಸುಳ್ಳಲ್ಲ. ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತಲೆಮಾರಿನ ಮಕ್ಕಳು ಮೊಮ್ಮಕ್ಕಳು ಇಂದು ಐರೋಲಿ, ಮಹಾಪೆ, ಅಂಧೇರಿ, ಪೊವಾಯಿ ಕಡೆಯ ಕಚೇರಿಗಳಲ್ಲಿ, ಪುಣೆಯ ಹಿಂಜೆವಾಡಿಯಲ್ಲಿ, ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಕುಳಿತು ರಾತ್ರಿಯೆಲ್ಲ ಪರದೆ ನೋಡುತ್ತಿರುತ್ತಾರೆ. ಮದುವೆ ಮಾತುಕತೆಯಲ್ಲಿ "ಹುಡುಗ ಸಾಫ್ಟ್‌ವೇರ್" ಎಂಬ ಒಂದೇ ಪದದಲ್ಲಿ ಮುಗಿದುಹೋಗುವ ಈ ಉದ್ಯೋಗ ನಿಜವಾಗಿ ಏನು ಎಂಬುದು ಅನೇಕ ಸಲ ಹೆತ್ತವರಿಗೂ ಗೊತ್ತಿರುವುದಿಲ್ಲ. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿದ ದಿನ ಯಾರಿಗೂ ಏನೂ ತಿಳಿಯುವುದಿಲ್ಲ. ಎಟಿಎಂನಲ್ಲಿ ಹಣ ಬರುತ್ತದೆ, ಟಿಕೇಟು ಬುಕ್ಕಾಗುತ್ತದೆ, ಊರಿಗೆ ಕಳುಹಿಸಿದ ಹಣ ತಲುಪುತ್ತದೆ. ತಪ್ಪಿದ ದಿನ ಮಾತ್ರ ಎಲ್ಲರಿಗೂ ಅವನ ನೆನಪಾಗುತ್ತದೆ.

ಎರಡಾಣೆಯ ಲೆಕ್ಕ

ಲೆಕ್ಕ ಇಡುವುದು ಕರಾವಳಿಯವರಿಗೆ ಹೊಸತಲ್ಲ. 1906ರಲ್ಲಿ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ. ಬಿ. ಶೆಟ್ಟರ ನೇತೃತ್ವದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. 1925ರಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ. ಎಂ. ಎ. ಪೈ ಹಾಗೂ ವಾಮನ ಕುಡ್ವ ಅವರು ಉಡುಪಿಯಲ್ಲಿ ಕೇವಲ 8 ಸಾವಿರ ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಆ ಬ್ಯಾಂಕು ತಂದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಉಳಿತಾಯ ಸಂಗ್ರಹಿಸುತ್ತಿದ್ದರು.

ಆ ಎರಡಾಣೆ ಗ್ರಾಹಕನ ಕೈಯ ಪಿಗ್ಮಿ ಪುಸ್ತಕದಲ್ಲಿ ಒಮ್ಮೆ, ಏಜೆಂಟರ ಪಟ್ಟಿಯಲ್ಲಿ ಒಮ್ಮೆ, ಬ್ಯಾಂಕಿನ ಡೇಬುಕ್ಕಿನಲ್ಲಿ ಒಮ್ಮೆ, ಕೊನೆಗೆ ಲೆಜರಿನಲ್ಲಿ ಇನ್ನೊಮ್ಮೆ ಬರೆಯಲ್ಪಡುತ್ತಿತ್ತು. ನಾಲ್ಕೂ ಕಡೆ ಒಂದೇ ಮೊತ್ತ ಬಂದರೆ ಸರಿ, ಒಂದು ಕಡೆ ತಪ್ಪಿದರೆ ರಾತ್ರಿ ಎಷ್ಟು ಹೊತ್ತಾದರೂ ಗುಮಾಸ್ತರು ಮನೆಗೆ ಹೋಗುವಂತಿರಲಿಲ್ಲ. ಮುಂಬಯಿಯ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದ ನಮ್ಮ ಹಿರಿಯರಿಗೆ ಈ 'ಟ್ಯಾಲಿ'ಯ ಕಷ್ಟವನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಅಂದು ಟ್ಯಾಲಿ ಮಾಡುತ್ತಿದ್ದ ಗುಮಾಸ್ತನ ಜಾಗದಲ್ಲಿ ಇಂದು ಒಂದು ತಂತ್ರಾಂಶ ಕುಳಿತಿದೆ. ಅದರ ಹೆಸರೇ ರಿಲೇಶನಲ್ ಡೇಟಾಬೇಸ್.

ಇದರ ಮೂಲ ಕಲ್ಪನೆ ಎಡ್ಗರ್ ಕಾಡ್ ಅವರದ್ದು. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಗಣಿತಜ್ಞ ಅಮೆರಿಕದ ಸ್ಯಾನ್ ಹೋಸೆಯ ಐಬಿಎಂ ಪ್ರಯೋಗಾಲಯದಲ್ಲಿದ್ದಾಗ 1970ರಲ್ಲಿ ಒಂದು ಲೇಖನ ಪ್ರಕಟಿಸಿದರು. ಎಲ್ಲ ಮಾಹಿತಿಯನ್ನೂ ಸಾದಾ ಕೋಷ್ಟಕಗಳಲ್ಲಿ ಇಡಿ, ಪ್ರತಿ ಸಾಲಿಗೂ ಬೇರೆ ಯಾವ ಸಾಲಿಗೂ ಇಲ್ಲದ ಒಂದು ಗುರುತಿನ ಸಂಖ್ಯೆ ಕೊಡಿ, ಆ ಸಂಖ್ಯೆಯ ಮೂಲಕವೇ ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸಿ ಎಂಬುದು ಅದರ ಸಾರ. ಗ್ರಾಹಕರದ್ದು ಒಂದು ಕೋಷ್ಟಕ, ಖಾತೆಗಳದ್ದು ಇನ್ನೊಂದು, ವ್ಯವಹಾರಗಳದ್ದು ಮತ್ತೊಂದು. ಗ್ರಾಹಕ ಡೊಂಬಿವಿಲಿಯಿಂದ ಮೀರಾರೋಡಿಗೆ ಮನೆ ಬದಲಿಸಿದರೆ ವಿಳಾಸವನ್ನು ಒಂದೇ ಕಡೆ ತಿದ್ದಿದರೆ ಸಾಕು. ಐಬಿಎಂ ತನ್ನದೇ ವಿಜ್ಞಾನಿಯ ಈ ಕಲ್ಪನೆಯನ್ನು ಮಾರುಕಟ್ಟೆಗೆ ತರಲು ಮೀನಮೇಷ ಎಣಿಸುತ್ತಿದ್ದಾಗ ಲ್ಯಾರಿ ಎಲಿಸನ್ ಮತ್ತು ಅವರ ಜೊತೆಗಾರರ ಸಣ್ಣ ಕಂಪನಿಯೊಂದು 1979ರಲ್ಲಿ 'ಒರಾಕಲ್' ಎಂಬ ತಂತ್ರಾಂಶವನ್ನು ಮಾರಾಟಕ್ಕಿಟ್ಟೇ ಬಿಟ್ಟಿತು. ಅದಕ್ಕೆ 'ಎರಡನೆಯ ಆವೃತ್ತಿ' ಎಂದು ಹೆಸರಿಟ್ಟಿದ್ದರು. ಮೊದಲನೆಯ ಆವೃತ್ತಿ ಎಂದರೆ ಯಾರೂ ಕೊಳ್ಳಲಿಕ್ಕಿಲ್ಲ ಎಂಬ ವ್ಯಾಪಾರದ ಬುದ್ಧಿ! ಕಾಡ್ ಅವರಿಗೆ 1981ರಲ್ಲಿ ಕಂಪ್ಯೂಟರ್ ಕ್ಷೇತ್ರದ ಅತ್ಯುನ್ನತ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಬ್ಯಾಂಕಿನ ಮಟ್ಟಿಗೆ ಇನ್ನೂ ಮುಖ್ಯವಾದದ್ದು ಜಿಮ್ ಗ್ರೇ ಅವರ ಕೆಲಸ. ಮುಂಬಯಿಯ ಮಗ ಕಾರ್ಕಳದ ತಾಯಿಯ ಖಾತೆಗೆ 5 ಸಾವಿರ ಕಳುಹಿಸುವಾಗ ಎರಡು ಕೆಲಸ ನಡೆಯಬೇಕು: ಇಲ್ಲಿ ಕಳೆಯಬೇಕು, ಅಲ್ಲಿ ಕೂಡಬೇಕು. ಕಳೆದ ಮೇಲೆ, ಕೂಡುವ ಮೊದಲು ಕರೆಂಟು ಹೋದರೆ ಆ 5 ಸಾವಿರ ಎಲ್ಲಿ? ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು ಎಂಬ ನಿಯಮವನ್ನು ಯಂತ್ರದಿಂದ ಪಾಲಿಸುವಂತೆ ಮಾಡಿದವರಲ್ಲಿ ಗ್ರೇ ಪ್ರಮುಖರು. ಇದರ ಗುಟ್ಟು ಹಳೆಯ ಡೇಬುಕ್ಕಿನದ್ದೇ. ಲೆಜರನ್ನು ಮುಟ್ಟುವ ಮೊದಲು ಏನು ಮಾಡಲಿದ್ದೇನೆ ಎಂಬುದನ್ನು ಸರ್ವರ್ ಮೊದಲು 'ಲಾಗ್' ಎಂಬ ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಮಧ್ಯೆ ಯಂತ್ರ ನಿಂತರೆ ಎದ್ದ ಕೂಡಲೇ ಆ ದಿನಚರಿ ಓದಿ ಅರ್ಧಕ್ಕೆ ನಿಂತದ್ದನ್ನು ರದ್ದು ಮಾಡುತ್ತದೆ, ಮುಗಿದದ್ದನ್ನು ಖಾತೆಗೆ ಏರಿಸುತ್ತದೆ. ಗ್ರೇ ಅವರು 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದರು. 2007ರ ಜನವರಿಯಲ್ಲಿ ತಾಯಿಯ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಲೆಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೋದವರು ಮರಳಿ ಬರಲೇ ಇಲ್ಲ. ದೊಡ್ಡ ಮಟ್ಟದ ಹುಡುಕಾಟ ನಡೆದರೂ ದೋಣಿಯ ಸುಳಿವು ಸಿಗಲಿಲ್ಲ.

ಎಲ್ಲರೂ ಮಲಗಿದ ಮೇಲೆ

ಹಾಗಾದರೆ ಎಲ್ಲವನ್ನೂ ಯಂತ್ರವೇ ನೋಡಿಕೊಳ್ಳುವಾಗ ಮನುಷ್ಯ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ಸಿಗುವುದು ರಾತ್ರಿಯಲ್ಲೇ. ಹಗಲಿನ ವ್ಯವಹಾರ ಕಡಿಮೆಯಾದ ಮೇಲೆ ಬ್ಯಾಂಕಿನಲ್ಲಿ ದಿನದಂತ್ಯದ ಕೆಲಸ ಆರಂಭವಾಗುತ್ತದೆ. ಬಡ್ಡಿ ಲೆಕ್ಕ, ಸಾಲದ ಕಂತು, ಅವಧಿ ಮುಗಿದ ಠೇವಣಿಗಳ ನವೀಕರಣ, ವರದಿಗಳು. ಇವೆಲ್ಲ ಬೆಳಗ್ಗೆ ಶಾಖೆಯ ಬಾಗಿಲು ತೆರೆಯುವ ಮೊದಲು ಮುಗಿಯಬೇಕು. ಡಿಸ್ಕಿನಲ್ಲಿ ಜಾಗ ಸಾಕೇ, ಲಾಗ್ ತುಂಬಿ ಸರ್ವರ್ ನಿಂತುಬಿಡುವ ಸೂಚನೆ ಇದೆಯೇ, ನಿನ್ನೆ ಹತ್ತು ನಿಮಿಷದಲ್ಲಿ ಮುಗಿದ ಕೆಲಸ ಇಂದು ಒಂದು ಗಂಟೆಯಾದರೂ ಮುಗಿಯದಿರಲು ಕಾರಣವೇನು ಎಂದು ಡಿಬಿಎ ನೋಡುತ್ತಿರಬೇಕು.

ನಿಧಾನಕ್ಕೆ ಸಾಮಾನ್ಯವಾಗಿ ಸಿಗುವ ಕಾರಣ ಸೂಚಿ, ಅಂದರೆ ಇಂಡೆಕ್ಸ್. ಲೆಜರಿನ ಕೊನೆಯಲ್ಲಿ ಅಕ್ಷರಾನುಕ್ರಮದ ಹೆಸರುಪಟ್ಟಿ ಇಲ್ಲದಿದ್ದರೆ ಒಬ್ಬನ ಖಾತೆ ಹುಡುಕಲು ಮೊದಲ ಪುಟದಿಂದ ತಿರುವಬೇಕಾಗುತ್ತದೆ. ಯಂತ್ರವೂ ಅದನ್ನೇ ಮಾಡುತ್ತದೆ, ಕೋಟಿ ಸಾಲುಗಳನ್ನು ಒಂದೊಂದಾಗಿ ನೋಡುತ್ತದೆ. ಹಾಗೆಂದು ಕಂಡಕಂಡದ್ದಕ್ಕೆಲ್ಲ ಸೂಚಿ ಮಾಡಿದರೆ ಪ್ರತಿ ಜಮೆಗೂ ಹತ್ತು ಸೂಚಿಗಳನ್ನು ತಿದ್ದಬೇಕಾಗಿ ಬರೆಯುವ ಕೆಲಸ ನಿಧಾನವಾಗುತ್ತದೆ. ಇನ್ನೊಂದು ತಲೆನೋವು ಬೀಗದ್ದು. ಒಬ್ಬ ಗುಮಾಸ್ತ ಒಂದನೆಯ ಲೆಜರ್ ಹಿಡಿದುಕೊಂಡು ಎರಡನೆಯದಕ್ಕೆ ಕಾಯುತ್ತಿದ್ದಾನೆ, ಇನ್ನೊಬ್ಬ ಎರಡನೆಯದನ್ನು ಹಿಡಿದು ಒಂದನೆಯದಕ್ಕೆ ಕಾಯುತ್ತಿದ್ದಾನೆ ಎಂದುಕೊಳ್ಳಿ. ಇಬ್ಬರೂ ಬಿಡುವವರಲ್ಲ. ಇಂತಹ ಸಂದರ್ಭದಲ್ಲಿ ಸರ್ವರ್ ಇಬ್ಬರಲ್ಲಿ ಒಬ್ಬನ ಕೆಲಸವನ್ನು ರದ್ದು ಮಾಡಿ ಇನ್ನೊಬ್ಬನಿಗೆ ದಾರಿ ಬಿಡುತ್ತದೆ. ಪದೇಪದೇ ಹೀಗಾದರೆ ತಂತ್ರಾಂಶ ಬರೆದವರನ್ನು ಕರೆದು "ಎಲ್ಲರೂ ಒಂದೇ ಕ್ರಮದಲ್ಲಿ ಪುಸ್ತಕ ತೆಗೆಯಿರಿ" ಎಂದು ತಿಳಿಹೇಳುವ ಕೆಲಸವೂ ಡಿಬಿಎಯದ್ದೇ. ಆ ಮಾತುಕತೆ ಯಾವಾಗಲೂ ಸೌಹಾರ್ದಯುತವಾಗಿರುತ್ತದೆ ಎಂದೇನಿಲ್ಲ.

ತಂತ್ರಾಂಶ ತಯಾರಕರು ಆಗಾಗ ಕಳುಹಿಸುವ 'ಪ್ಯಾಚ್'ಗಳನ್ನು ಹಾಕುವುದು ಕೇಳಲು ಬೇಸರದ ಕೆಲಸ. ಸರ್ವರ್ ನಿಲ್ಲಿಸಬೇಕು, ಅನುಮತಿ ಪಡೆಯಬೇಕು, ಭಾನುವಾರ ಬೆಳಗಿನ ಜಾವ ಕಚೇರಿಯಲ್ಲಿರಬೇಕು. ಮುಂದಕ್ಕೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ 2003ರ ಜನವರಿ 25 ಸಾಕ್ಷಿ. ಅಂದು ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರಿನ ಒಂದು ದೋಷವನ್ನು ಹಿಡಿದು 'ಸ್ಲ್ಯಾಮರ್' ಎಂಬ ಹುಳ ಹತ್ತೇ ನಿಮಿಷಗಳಲ್ಲಿ ಜಗತ್ತಿನಾದ್ಯಂತ ಹರಡಿ ಕನಿಷ್ಠ 75 ಸಾವಿರ ಯಂತ್ರಗಳನ್ನು ಹೊಕ್ಕಿತು. ಬ್ಯಾಂಕ್ ಆಫ್ ಅಮೆರಿಕದ ಸುಮಾರು 13 ಸಾವಿರ ಎಟಿಎಂಗಳು ಕೆಲಸ ನಿಲ್ಲಿಸಿದವು. ಆ ದೋಷಕ್ಕೆ ಪ್ಯಾಚ್ ಬಂದು ಆಗಲೇ ಆರು ತಿಂಗಳಾಗಿತ್ತು.

ಬ್ಯಾಕಪ್ ಇತ್ತು, ಆದರೆ ಇರಲಿಲ್ಲ

ಡಿಬಿಎ ಕೆಲಸದ ಜೀವಾಳವೆಂದರೆ ಬ್ಯಾಕಪ್. ಇಡೀ ಡೇಟಾಬೇಸಿನ ನಕಲು ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ತೆಗೆಯುವುದು, ನಡುವಿನ ಲಾಗ್‌ಗಳನ್ನು ಕೆಲವು ನಿಮಿಷಗಳಿಗೊಮ್ಮೆ ಬೇರೆಡೆ ಸಾಗಿಸುವುದು ರೂಢಿ. ಇವೆರಡೂ ಇದ್ದರೆ ಬೆಳಗ್ಗೆ 11 ಗಂಟೆ 42 ನಿಮಿಷಕ್ಕೆ ಖಾತೆ ಹೇಗಿತ್ತೋ ಹಾಗೆಯೇ ಮತ್ತೆ ನಿಲ್ಲಿಸಬಹುದು. "ಬ್ಯಾಕಪ್ ಇದೆಯಾ?" ಎಂದರೆ ಎಲ್ಲರೂ ಇದೆ ಎನ್ನುತ್ತಾರೆ. "ಅದರಿಂದ ಕೊನೆಯ ಸಲ ಯಾವಾಗ ಡೇಟಾಬೇಸ್ ಎಬ್ಬಿಸಿ ನೋಡಿದ್ದೀರಿ?" ಎಂದು ಕೇಳಿದರೆ ಅನೇಕ ಕಡೆ ಮೌನ.

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಡೆದ ಘಟನೆ ಈ ವೃತ್ತಿಯವರಿಗೆಲ್ಲ ಕಂಠಪಾಠ. ಲಕ್ಷಾಂತರ ಪ್ರೋಗ್ರಾಮರುಗಳು ತಮ್ಮ ಕೆಲಸವನ್ನು ಜೋಪಾನವಾಗಿಡುವ ಸಂಸ್ಥೆ ಅದು. ಅಂದು ಡೇಟಾಬೇಸಿನ ಮೇಲೆ ವಿಪರೀತ ಹೊರೆ ಬಿದ್ದು, ಮುಖ್ಯ ಸರ್ವರಿನ ಪ್ರತಿಬಿಂಬವಾಗಿದ್ದ ಎರಡನೆಯ ಸರ್ವರ್ ಹಿಂದೆ ಬಿದ್ದಿತ್ತು. ರಾತ್ರಿಯಾಯಿತೆಂದು ಕೆಲಸ ಮುಗಿಸಿ ಹೊರಡಲಿದ್ದ ಎಂಜಿನಿಯರ್ ಒಬ್ಬರು ಇದನ್ನು ಸರಿಪಡಿಸಿಯೇ ಹೋಗೋಣವೆಂದು ಉಳಿದರು. ಎರಡನೆಯ ಸರ್ವರನ್ನು ಹೊಸದಾಗಿ ತುಂಬಿಸಲು ಅದರ ಹಳೆಯ ಮಾಹಿತಿಯನ್ನು ಅಳಿಸುವ ಆಜ್ಞೆ ಕೊಟ್ಟರು. ಒಂದೆರಡು ಸೆಕೆಂಡುಗಳಲ್ಲಿ ಅವರಿಗೆ ಹೊಳೆಯಿತು, ಅಳಿಸುತ್ತಿರುವುದು ಎರಡನೆಯದನ್ನಲ್ಲ, ಮುಖ್ಯ ಸರ್ವರನ್ನೇ! ತಕ್ಷಣ ನಿಲ್ಲಿಸಿದರು. ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು ಬರೀ 4.5 ಗಿಗಾಬೈಟ್.

ಹೋಗಲಿ, ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಒಂದೊಂದೇ ಬಾಗಿಲು ಮುಚ್ಚಿತ್ತು. ದಿನನಿತ್ಯದ ನಕಲು ತೆಗೆಯುವ ಉಪಕರಣ ಪೋಸ್ಟ್‌ಗ್ರೆಸ್‌ನ 9.2 ಆವೃತ್ತಿಯದ್ದು, ಡೇಟಾಬೇಸ್ 9.6 ಆವೃತ್ತಿಯದ್ದು. ಎರಡೂ ಹೊಂದದೆ ನಕಲು ಆಗುತ್ತಲೇ ಇರಲಿಲ್ಲ, ಇಡುವ ಜಾಗ ಖಾಲಿಯಿತ್ತು. ವಿಫಲವಾಗಿದೆ ಎಂಬ ಇಮೇಲ್‌ಗಳನ್ನು ಯಂತ್ರ ಕಳುಹಿಸುತ್ತಿತ್ತು, ಆದರೆ ಸರಿಯಾದ ದೃಢೀಕರಣವಿಲ್ಲದ ಕಾರಣ ಅಂಚೆ ವ್ಯವಸ್ಥೆ ಅವುಗಳನ್ನು ತಿರಸ್ಕರಿಸುತ್ತಿತ್ತು. ಡಿಸ್ಕಿನ ಚಿತ್ರ ತೆಗೆಯುವ ಸೌಲಭ್ಯವನ್ನು ಡೇಟಾಬೇಸ್ ಸರ್ವರುಗಳಿಗೆ ಚಾಲೂ ಮಾಡಿರಲೇ ಇಲ್ಲ. ಎರಡನೆಯ ಸರ್ವರನ್ನಂತೂ ಅದಾಗಲೇ ಖಾಲಿ ಮಾಡಿಯಾಗಿತ್ತು. ಕೊನೆಗೆ ಸಿಕ್ಕಿದ್ದು ಅದೇ ಎಂಜಿನಿಯರ್ ಬೇರೊಂದು ಪರೀಕ್ಷೆಗೆಂದು ಆರು ಗಂಟೆ ಮೊದಲು ತಾವಾಗಿ ತೆಗೆದಿಟ್ಟಿದ್ದ ಒಂದು ನಕಲು. ನಿಧಾನದ ಡಿಸ್ಕಿನಿಂದ ಅದನ್ನು ತರಲು ಸುಮಾರು 18 ಗಂಟೆ ಹಿಡಿಯಿತು. ನಡುವಿನ ಆರು ಗಂಟೆಗಳ ಮಾಹಿತಿ ಹೋದದ್ದು ಹೋಯಿತು: ಸುಮಾರು 5 ಸಾವಿರ ಯೋಜನೆಗಳ, 5 ಸಾವಿರ ಟಿಪ್ಪಣಿಗಳ ಹಾಗೂ 700 ಹೊಸ ಬಳಕೆದಾರರ ದಾಖಲೆ.

ಕಂಪನಿ ಇದನ್ನು ಮುಚ್ಚಿಡಲಿಲ್ಲ. ದುರಸ್ತಿ ಕಾರ್ಯವನ್ನು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡಿತು, ತಪ್ಪುಗಳನ್ನೆಲ್ಲ ಬರೆದು ಪ್ರಕಟಿಸಿತು. ತಪ್ಪು ಮಾಡಿದ ವ್ಯಕ್ತಿಗೆ ಗಲ್ಲು ಎನ್ನುವ ಬದಲು, ಒಂದು ತಪ್ಪು ಆಜ್ಞೆಯಿಂದ ಎಲ್ಲವೂ ಹೋಗುವಂತಹ ವ್ಯವಸ್ಥೆಯೇ ತಪ್ಪು ಎಂಬ ನಿಲುವು ತಳೆದದ್ದು ಮೆಚ್ಚತಕ್ಕದ್ದು. ನಿದ್ರೆಗೆಟ್ಟ ಕಣ್ಣಿಗೆ ಒಂದು ಸರ್ವರಿನ ಕಿಟಕಿಯೂ ಇನ್ನೊಂದರ ಕಿಟಕಿಯೂ ಒಂದೇ ರೀತಿ ಕಾಣುತ್ತದೆ ಎಂಬುದು ರಾತ್ರಿ ಪಾಳಿ ಮಾಡಿದವರಿಗೆಲ್ಲ ಗೊತ್ತು. ಮುಖ್ಯ ಸರ್ವರಿನ ಪರದೆಗೆ ಕೆಂಪು ಬಣ್ಣ ಹಾಕಿಕೊಳ್ಳುವವರಿದ್ದಾರೆ. ಅಳಿಸುವ ಆಜ್ಞೆಗೆ ಮೊದಲು ಪಕ್ಕದವನನ್ನು ಕರೆದು ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯೂ ಇದೆ.

ನಕಲು ಎಲ್ಲಿದೆ ಎಂಬುದೂ ಮುಖ್ಯವೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಲೀನಾ ಕಡೆ ನೆಲಮಾಳಿಗೆ, ನೆಲ ಅಂತಸ್ತುಗಳಲ್ಲಿ ಕಡತವೂ ಕಂಪ್ಯೂಟರೂ ಒಟ್ಟಿಗೇ ನೀರಿನಲ್ಲಿ ಮುಳುಗಿದ್ದನ್ನು ಮುಂಬಯಿಗರು ಮರೆತಿಲ್ಲ. ಒಂದೇ ಕಪಾಟಿನ ಮೇಲಿನ ಖಾನೆಯಲ್ಲಿ ಮೂಲ, ಕೆಳಗಿನ ಖಾನೆಯಲ್ಲಿ ನಕಲು ಇಟ್ಟರೆ ಅಂತಹ ದಿನ ಎರಡೂ ಹೋಗುತ್ತವೆ. ಆದ್ದರಿಂದಲೇ ಬ್ಯಾಂಕುಗಳು ಮುಖ್ಯ ಕೇಂದ್ರ ಒಂದು ನಗರದಲ್ಲಿದ್ದರೆ ಪರ್ಯಾಯ ಕೇಂದ್ರವನ್ನು ದೂರದ ಇನ್ನೊಂದು ನಗರದಲ್ಲಿ ಇಡುತ್ತವೆ. ವರ್ಷದಲ್ಲಿ ಕೆಲವು ದಿನ ಬೇಕೆಂದೇ ಪರ್ಯಾಯ ಕೇಂದ್ರದಿಂದ ವ್ಯವಹಾರ ನಡೆಸಿ ನೋಡುತ್ತವೆ. ಶನಿವಾರ ರಾತ್ರಿ ಆ ಕವಾಯತು ಇದ್ದರೆ ಭಾನುವಾರದ ಯಕ್ಷಗಾನಕ್ಕೆ ಮಗ ಬರುವುದಿಲ್ಲ ಎಂದೇ ಲೆಕ್ಕ.

ಬ್ಯಾಂಕುಗಳ ಮದುವೆ, ಕೋಷ್ಟಕಗಳ ಜಾತಕ

ಇಷ್ಟೆಲ್ಲ ವಿದ್ಯೆ ನಮ್ಮವರ ಮನೆಬಾಗಿಲಿಗೇ ಬಂದದ್ದು ಬ್ಯಾಂಕುಗಳ ವಿಲೀನದ ಕಾಲದಲ್ಲಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ದೇನಾ ಬ್ಯಾಂಕಿನೊಂದಿಗೆ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಲೀನವಾದವು. ಹೆಸರಿನ ಫಲಕ ಇಳಿಸಿದಾಗ ಕಣ್ಣೀರು ಹಾಕಿದವರಿದ್ದರು. ಆದರೆ ಯಾವ ಬ್ಯಾಂಕನ್ನು ಯಾವುದರ ಜೊತೆ ಸೇರಿಸುವುದು ಎಂಬ ನಿರ್ಧಾರಕ್ಕೆ ಸರಕಾರ ಕೊಟ್ಟ ಕಾರಣಗಳಲ್ಲಿ ತಂತ್ರಾಂಶವೂ ಒಂದು ಎಂಬುದು ಅಷ್ಟಾಗಿ ಚರ್ಚೆಯಾಗಲಿಲ್ಲ. 2019ರ ಆಗಸ್ಟ್ 30ರಂದು ಘೋಷಣೆ ಮಾಡುವಾಗ ಕೇಂದ್ರ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಕೆನರಾ ಮತ್ತು ಸಿಂಡಿಕೇಟ್ ಎರಡೂ ಐ-ಫ್ಲೆಕ್ಸ್ ವ್ಯವಸ್ಥೆಯವು, ಯೂನಿಯನ್, ಆಂಧ್ರ ಹಾಗೂ ಕಾರ್ಪೊರೇಶನ್ ಮೂರೂ ಫಿನಾಕಲ್‌ನವು ಎಂದು ತಿಳಿಸಿದ್ದರು. ಫಿನಾಕಲ್ ಬೆಂಗಳೂರಿನ ಇನ್ಫೋಸಿಸ್ ತಯಾರಿಸಿದ್ದು.

ತಂತ್ರಾಂಶ ಒಂದೇ ಆದರೆ ಕೆಲಸ ಸಲೀಸು ಎಂದೇನಲ್ಲ. ಕಾಡ್ ಅವರ ನಿಯಮದಂತೆ ಪ್ರತಿ ಸಾಲಿನ ಗುರುತಿನ ಸಂಖ್ಯೆ ಬೇರೆಯದ್ದೇ ಆಗಿರಬೇಕು. ಕೆನರಾ ಬ್ಯಾಂಕಿನಲ್ಲೂ 1234ನೆಯ ಶಾಖೆ ಇದ್ದು ಸಿಂಡಿಕೇಟಿನಲ್ಲೂ ಇದ್ದರೆ ಒಂದೇ ಕೋಷ್ಟಕಕ್ಕೆ ಸೇರಿಸಿದಾಗ ಒಂದು ಒಳಗೆ ಬರುವುದೇ ಇಲ್ಲ. ಸಿಂಡಿಕೇಟಿನ ಮಟ್ಟಿಗೆ ಕಂಡುಕೊಂಡ ಪರಿಹಾರ ಸರಳ, ಹಳೆಯ ಶಾಖಾ ಸಂಖ್ಯೆಗೆ 10 ಸಾವಿರ ಸೇರಿಸುವುದು. 'ಎಸ್‌ವೈಎನ್‌ಬಿ' ಎಂದು ಆರಂಭವಾಗುತ್ತಿದ್ದ ಹಳೆಯ ಐಎಫ್‌ಎಸ್‌ಸಿ ಸಂಕೇತಗಳು 2021ರ ಜುಲೈ 1ರಿಂದ ನಿಂತು, ಅವುಗಳ ಜಾಗದಲ್ಲಿ 'ಸಿಎನ್‌ಆರ್‌ಬಿ' ಸಂಕೇತಗಳು ಬಂದವು. ಆ ವರ್ಷ ಚೆಕ್ ಪುಸ್ತಕ ಬದಲಿಸಲು, ಪಿಂಚಣಿಯ ಸಂಕೇತ ತಿದ್ದಿಸಲು ಸಾಲಿನಲ್ಲಿ ನಿಂತ ಹಿರಿಯರು ಎಷ್ಟೋ ಮಂದಿ.

ಅದಕ್ಕಿಂತ ಕಷ್ಟದ್ದು ಹೆಸರಿನ ಹೊಂದಾಣಿಕೆ. ಒಬ್ಬನೇ ವ್ಯಕ್ತಿಗೆ ಎರಡೂ ಬ್ಯಾಂಕುಗಳಲ್ಲಿ ಖಾತೆ ಇದ್ದರೆ ವಿಲೀನದ ನಂತರ ಆತ ಒಬ್ಬನೇ ಗ್ರಾಹಕನಾಗಬೇಕು. ಮುಂಬಯಿ ಕನ್ನಡಿಗರ ಹೆಸರುಗಳಾದರೋ ಯಂತ್ರಕ್ಕೆ ಚಕ್ಕುಲಿ ಸುತ್ತು. ಊರಿನ ಶಾಲೆಯಲ್ಲಿ ಕೆ. ಸದಾನಂದ ಶೆಟ್ಟಿ, ಮುಂಬಯಿಗೆ ಬಂದ ಮೇಲೆ ಇಲ್ಲಿನ ರೂಢಿಯಂತೆ ತಂದೆಯ ಹೆಸರು ನಡುವೆ ಸೇರಿ ಸದಾನಂದ ಕೊರಗ ಶೆಟ್ಟಿ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಅಕ್ಷರ ಕ್ರಮ. ಪೂಜಾರಿಯನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ಎಷ್ಟಿವೆಯೋ ಯಾರೂ ಎಣಿಸಿಲ್ಲ. ಮನುಷ್ಯನಿಗೆ ಒಬ್ಬನೇ ಎಂದು ಗೊತ್ತಾಗುತ್ತದೆ, ಕೋಷ್ಟಕಕ್ಕೆ ಗೊತ್ತಾಗುವುದಿಲ್ಲ. ಪ್ಯಾನ್ ಸಂಖ್ಯೆ, ಜನ್ಮದಿನಾಂಕ ಹಿಡಿದು ತಾಳೆ ನೋಡಬೇಕಾಗುತ್ತದೆ.

ಊರಿನ ಜಮೀನಿನ ವಿಚಾರದಲ್ಲೂ ಇದೇ ಕಥೆ. ಕರ್ನಾಟಕ ಸರಕಾರ 'ಭೂಮಿ' ಯೋಜನೆಯಡಿ 177 ತಾಲೂಕುಗಳ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು 2000ದ ದಶಕದ ಆರಂಭದಲ್ಲೇ ಕಂಪ್ಯೂಟರಿಗೆ ಏರಿಸಿದ್ದು ದೇಶಕ್ಕೇ ಮಾದರಿಯಾಯಿತು. ಬದಲಾವಣೆ ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂಬ ವ್ಯವಸ್ಥೆ ಇದ್ದುದರಿಂದ ಯಾರು ಏನು ತಿದ್ದಿದರು ಎಂಬುದು ದಾಖಲಾಗುತ್ತಿತ್ತು. ಆದರೆ ಶಾನುಭೋಗರ ಕಾಲದ ಕೈಬರಹದಲ್ಲಿದ್ದ ತಪ್ಪು ಟೈಪಾಗಿ ಒಳಹೊಕ್ಕರೆ ಡೇಟಾಬೇಸ್ ಅದನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡುತ್ತದೆ. ಅಜ್ಜನ ಹೆಸರಿನ ಒಂದು ಅಕ್ಷರಕ್ಕಾಗಿ ರಜೆ ಹಾಕಿ ತಾಲೂಕು ಕಚೇರಿಗೆ ಅಲೆದವರಿಗೆ ಇದು ಗೊತ್ತು. ಡಿಬಿಎ ಕಾಯುವುದು ಬರೆದದ್ದನ್ನು. ಬರೆದದ್ದು ನಿಜವೇ ಎಂದು ನೋಡುವ ಜವಾಬ್ದಾರಿ ಬೇರೆಯವರದ್ದು.

ವರ್ಗಾವಣೆ ಕೆಟ್ಟರೆ ಹೇಗಿರುತ್ತದೆ ಎಂಬುದನ್ನು ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನಲ್ಲಿ ತೋರಿಸಿತು. 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನು ಒಂದು ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿದರು. ವಿಚಿತ್ರವೆಂದರೆ ಮಾಹಿತಿ ಸರಿಯಾಗಿಯೇ ಹೋಯಿತು. ಆದರೆ ಸೋಮವಾರ ಜನ ಮುಗಿಬಿದ್ದಾಗ ಹೊಸ ವ್ಯವಸ್ಥೆ ತಡೆದುಕೊಳ್ಳಲಿಲ್ಲ. 19 ಲಕ್ಷದಷ್ಟು ಗ್ರಾಹಕರು ತಮ್ಮ ಖಾತೆಯ ಹೊರಗೇ ನಿಲ್ಲಬೇಕಾಯಿತು. ಎರಡು ಡೇಟಾ ಕೇಂದ್ರಗಳಲ್ಲಿ ಒಂದನ್ನು ಮಾತ್ರ ಪೂರ್ಣ ಹೊರೆಯಲ್ಲಿ ಪರೀಕ್ಷಿಸಿದ್ದರೆಂಬುದು ಆಮೇಲೆ ಹೊರಬಿತ್ತು. ಮುಖ್ಯಾಧಿಕಾರಿ ಅದೇ ವರ್ಷ ಹುದ್ದೆ ಬಿಟ್ಟರು, 2022ರ ಡಿಸೆಂಬರಿನಲ್ಲಿ 4 ಕೋಟಿ 86 ಲಕ್ಷ ಪೌಂಡಿಗೂ ಮಿಕ್ಕಿದ ದಂಡ ಬಿತ್ತು.

ಸಂಘದ ಕಪಾಟಿನಲ್ಲಿ

ಬ್ಯಾಂಕಿನ ಮಾತು ಬ್ಯಾಂಕಿಗಾಯಿತು. ಸಂಘದ ಸದಸ್ಯರ ಪಟ್ಟಿ ಎಲ್ಲಿದೆ? ಎಷ್ಟೋ ಸಂಸ್ಥೆಗಳಲ್ಲಿ ಅದು ಎಕ್ಸೆಲ್ ಹಾಳೆಯಾಗಿ ಕೋಶಾಧಿಕಾರಿಗಳ ಲ್ಯಾಪ್‌ಟಾಪಿನಲ್ಲಿ ಒಂದು, ಕಾರ್ಯದರ್ಶಿಗಳ ಬಳಿ ಇನ್ನೊಂದು, ಹಿಂದಿನ ಅಧ್ಯಕ್ಷರ ಮಗನ ಪೆನ್‌ಡ್ರೈವಿನಲ್ಲಿ ಮತ್ತೊಂದು ಎಂಬಂತೆ ಇರುತ್ತದೆ. ಒಂದರಲ್ಲಿ ಫೋನ್ ನಂಬರ್ ಹೊಸದು, ಇನ್ನೊಂದರಲ್ಲಿ ವಿಳಾಸ ಹೊಸದು. ತೀರಿಹೋಗಿ ವರ್ಷಗಳಾದ ಆಜೀವ ಸದಸ್ಯರ ಹೆಸರಿಗೆ ಆಮಂತ್ರಣ ಪತ್ರಿಕೆ ಹೋಗಿ ಮನೆಯವರು ನೊಂದುಕೊಳ್ಳುತ್ತಾರೆ. ಮಹಾಸಭೆಯ ಹಿಂದಿನ ದಿನ ಲ್ಯಾಪ್‌ಟಾಪ್ ಕೈಕೊಟ್ಟರೆ ಮತದಾರರ ಪಟ್ಟಿಗೇ ಸಂಚಕಾರ. ಸಮಿತಿ ಬದಲಾದಾಗ ಕೀಲಿಕೈ, ಚೆಕ್ ಪುಸ್ತಕ ಹಸ್ತಾಂತರವಾಗುತ್ತದೆ, ಪಾಸ್‌ವರ್ಡ್ ಆಗುವುದಿಲ್ಲ. ವಿದ್ಯಾರ್ಥಿ ವೇತನದ ಅರ್ಜಿಗಳ ಜೊತೆ ಬಂದ ಆಧಾರ್, ಆದಾಯ ಪತ್ರಗಳ ನಕಲುಗಳು ಯಾರ್ಯಾರ ವಾಟ್ಸ್ಯಾಪ್‌ನಲ್ಲಿ ಸುತ್ತಾಡುತ್ತಿವೆಯೋ ತಿಳಿಯದು. ಇತರರ ವೈಯಕ್ತಿಕ ಮಾಹಿತಿಯನ್ನು ಹೇಗೆ ಜೋಪಾನ ಮಾಡಬೇಕೆಂಬುದಕ್ಕೆ ದೇಶದಲ್ಲಿ 2023ರಲ್ಲಿ ಕಾಯ್ದೆಯೇ ಆಗಿದೆ.

ಇದಕ್ಕೆ ಒರಾಕಲ್ ಬೇಕಾಗಿಲ್ಲ. ಪೋಸ್ಟ್‌ಗ್ರೆಸ್, ಮರಿಯಾಡಿಬಿಯಂತಹ ಉಚಿತ ಡೇಟಾಬೇಸುಗಳಿವೆ, ಸಾವಿರ ಸದಸ್ಯರ ಸಂಘಕ್ಕೆ ಹಳೆಯ ಕಂಪ್ಯೂಟರ್ ಸಾಕು. ಸದಸ್ಯರಿಗೆ ಒಂದು ಕೋಷ್ಟಕ, ವಂತಿಗೆಗೆ ಒಂದು, ವಿದ್ಯಾರ್ಥಿ ವೇತನಕ್ಕೆ ಒಂದು. ತಿದ್ದುವ ಅಧಿಕಾರ ಇಬ್ಬರಿಗೆ, ನೋಡುವ ಅಧಿಕಾರ ಸಮಿತಿಗೆ. ತಿಂಗಳಿಗೊಮ್ಮೆ ತೆಗೆದ ನಕಲು ಬೇರೆ ಉಪನಗರದ ಒಬ್ಬ ಪದಾಧಿಕಾರಿಯ ಮನೆಯಲ್ಲಿರಲಿ. ಅದನ್ನು ಆರು ತಿಂಗಳಿಗೊಮ್ಮೆಯಾದರೂ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಗೆ ಸೇರಿದ ಸದಸ್ಯರ ಹೆಸರು ಅದರಲ್ಲಿ ಬಂದಿದೆಯೇ ಎಂದು ನೋಡಬೇಕು. ಹಿಂದಿನ ಸಾಲಿನಲ್ಲಿ ನಿದ್ರೆಗಣ್ಣಿನಲ್ಲಿ ಕುಳಿತ ಹುಡುಗನಿಗೆ ಇದು ಎರಡು ಭಾನುವಾರದ ಕೆಲಸ. ಇದುವರೆಗೆ ಹೆಚ್ಚಿನ ಸಂಘಗಳು ಅವನಿಗೆ ಕೊಟ್ಟಿರುವುದು ಮೈಕ್ ಮತ್ತು ಪ್ರೊಜೆಕ್ಟರ್ ನೋಡಿಕೊಳ್ಳುವ ಕೆಲಸ.

ಆ ಹುಡುಗನಿಗೂ ತನ್ನದೇ ಚಿಂತೆ ಇದೆ. ಡೇಟಾಬೇಸುಗಳು ಕಂಪನಿಯ ಸ್ವಂತ ಕೋಣೆಯಿಂದ ಕ್ಲೌಡ್‌ಗೆ ಹೋಗುತ್ತಿವೆ. ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ತನ್ನ ಕೇಂದ್ರಗಳನ್ನು ತೆರೆಯಿತು. ಅಲ್ಲಿ ಬ್ಯಾಕಪ್, ಪ್ಯಾಚ್ ಎಲ್ಲ ತಂತಾನೇ ನಡೆಯುತ್ತದೆ ಎಂಬ ಭರವಸೆ ಕೊಡುತ್ತಾರೆ. ಹಾಗಾದರೆ ತನ್ನ ಕೆಲಸ? ಡಿಸ್ಕು ಬದಲಿಸುವ, ಟೇಪು ಸಾಗಿಸುವ ಭಾಗ ಕಡಿಮೆಯಾಗಿದೆ ಎಂಬುದು ದಿಟ. ಆದರೆ ಯಾವ ಸೂಚಿ ಬೇಕು, ಯಾರಿಗೆ ಯಾವ ಅಧಿಕಾರ, ಎಷ್ಟು ನಿಮಿಷದ ಮಾಹಿತಿ ಕಳೆದರೆ ಸಂಸ್ಥೆ ತಾಳಿಕೊಳ್ಳಬಲ್ಲದು, ತಂತಾನೇ ಆಗಿದೆ ಎನ್ನುವ ಬ್ಯಾಕಪ್ ನಿಜಕ್ಕೂ ಏಳುತ್ತದೆಯೇ ಎಂಬ ಪ್ರಶ್ನೆಗಳು ಯಂತ್ರ ಯಾರದ್ದಾದರೂ ಉಳಿಯುತ್ತವೆ. ಗಿಟ್‌ಲ್ಯಾಬ್ ಕೂಡ ಆಗ ಬಳಸುತ್ತಿದ್ದುದು ಕ್ಲೌಡನ್ನೇ.

ಸಿಂಡಿಕೇಟ್ ಬ್ಯಾಂಕಿನ ಹಳೆಯ ಗ್ರಾಹಕರು ತಮ್ಮ ಕೆನರಾ ಬ್ಯಾಂಕ್ ಪಾಸ್‌ಬುಕ್ಕನ್ನು ಒಮ್ಮೆ ತೆರೆದು ನೋಡಬಹುದು. ಐಎಫ್‌ಎಸ್‌ಸಿ ಸಂಕೇತದ ಕೊನೆಯ ಆರು ಅಂಕೆಗಳಿಂದ 10 ಸಾವಿರ ಕಳೆದರೆ ಉಳಿಯುವುದು ತಮ್ಮ ಹಳೆಯ ಶಾಖೆಯ ಸಂಖ್ಯೆ.